ಕಡತ ಇದೆಯೇ, ಇದ್ದರೆ ಯಾವ ಸ್ಥಿತಿಯಲ್ಲಿದೆ? ಶೆಲ್ ಸ್ಕ್ರಿಪ್ಟ್‌ಗಳಲ್ಲಿ ಕಡತ ಹಾಗೂ ಡೈರೆಕ್ಟರಿಗಳ ಪರಿಶೀಲನೆ

(ಗ್ರಾಮ ಪಂಚಾಯತಿ ಸದಸ್ಯರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ಭಾಗದ ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರೇ, ಉಪಾಧ್ಯಕ್ಷರೇ ಮತ್ತು ಸದಸ್ಯರೇ,

ಗ್ರಾಮ ಪಂಚಾಯತಿ ಕಾರ್ಯಾಲಯದ ಬಾಗಿಲಿಗೆ ಬರುವ ಅರ್ಜಿಗಳಲ್ಲಿ ಅನೇಕವು ಹಳೆಯ ದಾಖಲೆಯೊಂದನ್ನು ಕೇಳುವಂಥವು. ತಂದೆಯ ಹೆಸರಿನಲ್ಲಿದ್ದ ಮನೆಯ ತೆರಿಗೆ ಪಾವತಿಯ ವಿವರ, ಹತ್ತು ವರ್ಷಗಳ ಹಿಂದಿನ ಠರಾವಿನ ಪ್ರತಿ, ವಸತಿ ಯೋಜನೆಯ ಫಲಾನುಭವಿಗಳ ಪಟ್ಟಿ, ಕಾಮಗಾರಿಯ ಅಳತೆ ಪುಸ್ತಕದ ಒಂದು ಪುಟ. ಕೃಷ್ಣಾ ಮೇಲ್ದಂಡೆ ಯೋಜನೆಯ ಹಿನ್ನೀರಿಗೆ ಊರನ್ನು ಬಿಟ್ಟುಕೊಟ್ಟ ಕುಟುಂಬಗಳಿಗೆ ಇಂಥ ಒಂದು ಪುಟದ ಬೆಲೆ ಏನೆಂಬುದನ್ನು ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮನೆ ನೀರಿನಡಿಗೆ ಹೋದ ಮೇಲೆ ಮನೆ ಇತ್ತೆಂಬುದಕ್ಕೆ ಉಳಿಯುವುದು ಕಾಗದ ಮಾತ್ರ. ಮಾಹಿತಿ ಹಕ್ಕು ಅಧಿನಿಯಮ, 2005ರ 4ನೇ ಪ್ರಕರಣವು ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿ ಸಿದ್ಧಪಡಿಸಿ, ಗಣಕೀಕರಣಕ್ಕೆ ತಕ್ಕವುಗಳನ್ನು ಗಣಕೀಕರಿಸಿ ಇಡಬೇಕೆಂದು ವಿಧಿಸುತ್ತದೆ. ಅರ್ಜಿ ಬಂದ 30 ದಿನಗಳೊಳಗೆ ಉತ್ತರ ಹೋಗಬೇಕು. ಆ ಉತ್ತರದಲ್ಲಿ “ದಾಖಲೆ ಲಭ್ಯವಿಲ್ಲ” ಎಂದು ಬರೆಯಬೇಕಾಗಿ ಬಂದಾಗ ತಲೆತಗ್ಗಿಸಬೇಕಾದವರು ಕಾರ್ಯಾಲಯದ ಸಿಬ್ಬಂದಿ ಮಾತ್ರವಲ್ಲ.

ಆಸ್ತಿಗಳ ನಮೂನೆ 9 ಹಾಗೂ 11ಬಿ ಇ-ಸ್ವತ್ತು ತಂತ್ರಾಂಶದ ಮೂಲಕ ದೊರೆಯುತ್ತಿದ್ದು, ಅಂಥ ದತ್ತಾಂಶ ರಾಜ್ಯಮಟ್ಟದ ಸರ್ವರ್‌ಗಳಲ್ಲಿ ಇರುತ್ತದೆ. ಅದರ ರಕ್ಷಣೆ ಈ ಉಪನ್ಯಾಸದ ವಿಷಯವಲ್ಲ. ಆದರೆ ಪಂಚಾಯತಿಯ ಕಪಾಟಿನ ರುಮಾಲುಗಳನ್ನು ಬಿಚ್ಚಿ ಸ್ಕ್ಯಾನ್ ಮಾಡಿಟ್ಟ ಹಳೆಯ ತೆರಿಗೆ ವಹಿಗಳು, ನಡವಳಿ ಪುಸ್ತಕಗಳು, ಕಾಮಗಾರಿಯ ಛಾಯಾಚಿತ್ರಗಳು ಸ್ಥಳೀಯ ಕಂಪ್ಯೂಟರಿನಲ್ಲೋ ತಾಲ್ಲೂಕು, ಜಿಲ್ಲಾ ಮಟ್ಟದ ಒಂದು ಯಂತ್ರದಲ್ಲೋ ಇರುತ್ತವೆ. ಅವುಗಳ ಪ್ರತಿ ತೆಗೆಯುವ ಕೆಲಸವನ್ನು ದಿನವೂ ಕೈಯಿಂದ ಮಾಡಲಾಗದು. ಆದ್ದರಿಂದ ಅದನ್ನು ಒಂದು ಸ್ಕ್ರಿಪ್ಟಿಗೆ ಒಪ್ಪಿಸಲಾಗುತ್ತದೆ. ಅದು ರಾತ್ರಿ ನಿಗದಿತ ಹೊತ್ತಿಗೆ ತಾನಾಗಿ ಓಡಿ, ಬೆಳಿಗ್ಗೆ “ಪ್ರತಿ ಪೂರ್ಣಗೊಂಡಿದೆ” ಎಂಬ ಒಂದು ಸಾಲನ್ನು ಬರೆದಿಡುತ್ತದೆ. ಆ ಸಾಲನ್ನು ಬರೆಯುವ ಮುನ್ನ ಸ್ಕ್ರಿಪ್ಟು ಏನನ್ನು ಪರೀಕ್ಷಿಸಿತು ಎಂಬುದೇ ಇಲ್ಲಿಯ ವಿಚಾರ. ಸದಸ್ಯರು ಸ್ಕ್ರಿಪ್ಟ್ ಬರೆಯಬೇಕಾಗಿಲ್ಲ. ಚೆಕ್ಕು ಬರೆಯುವವರು ಬೇರೆಯವರಾದರೂ ಜಮಾಖರ್ಚಿನ ಬಗ್ಗೆ ಪ್ರಶ್ನೆ ಕೇಳುವ ಅಧಿಕಾರ ಸದಸ್ಯರಿಗೆ ಇದ್ದಂತೆ, ಈ ವಿಷಯದಲ್ಲಿಯೂ ಸರಿಯಾದ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ಸಾಕು.

ಶೆಲ್ ಎಂಬುದು ಯೂನಿಕ್ಸ್ ಹಾಗೂ ಅದರ ಮಾದರಿಯ ಲಿನಕ್ಸ್ ವ್ಯವಸ್ಥೆಗಳಲ್ಲಿ ಬಳಕೆದಾರನ ಆಜ್ಞೆಗಳನ್ನು ಓದಿ ನಡೆಸುವ ಕಾರ್ಯಕ್ರಮ. ಆಜ್ಞೆಗಳನ್ನು ಒಂದರ ಕೆಳಗೊಂದು ಬರೆದು ಕಡತದಲ್ಲಿ ಇಟ್ಟರೆ ಅದೇ ಶೆಲ್ ಸ್ಕ್ರಿಪ್ಟ್. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಯೂನಿಕ್ಸಿಗೆ ಅಡಿಗಲ್ಲಿಟ್ಟರು. 1979ರ ಏಳನೆಯ ಆವೃತ್ತಿಯೊಡನೆ ಸ್ಟೀಫನ್ ಬೋರ್ನ್ ಅವರ ಶೆಲ್ ಹೊರಬಂದಿತು. 1989ರಲ್ಲಿ ಬಂದ ಬ್ಯಾಶ್ ಅದರ ಮಗನಂತೆ. ಇಂದು ಹೆಚ್ಚಿನ ಲಿನಕ್ಸ್ ಯಂತ್ರಗಳಲ್ಲಿ ಇರುವುದು ಅದೇ. ಪಂಚಾಯತಿಯ ಕಂಪ್ಯೂಟರು ವಿಂಡೋಸಿನದಾಗಿದ್ದರೆ ಆಜ್ಞೆಗಳ ಹೆಸರು ಬದಲಾಗುತ್ತದೆಯೇ ಹೊರತು ಕೇಳಬೇಕಾದ ಪ್ರಶ್ನೆಗಳು ಬದಲಾಗುವುದಿಲ್ಲ.

ಕಡತದ ಸ್ಥಿತಿಯನ್ನು ಕೇಳಲು ಶೆಲ್ಲಿನಲ್ಲಿ ‘ಟೆಸ್ಟ್’ ಎಂಬ ಆಜ್ಞೆಯಿದೆ. ಅದನ್ನೇ ಚೌಕ ಆವರಣ ಚಿಹ್ನೆಗಳ ನಡುವೆಯೂ ಬರೆಯುವುದುಂಟು. ಆಜ್ಞೆಗೆ ಒಂದು ಅಡ್ಡಗೆರೆ, ಒಂದು ಅಕ್ಷರ, ಆಮೇಲೆ ಕಡತದ ಹೆಸರನ್ನು ಕೊಡಬೇಕು. ಯಂತ್ರದಲ್ಲಿ ಈ ಅಕ್ಷರಗಳು ಇಂಗ್ಲಿಷಿನವು. ಇಲ್ಲಿ ಓದಿನ ಅನುಕೂಲಕ್ಕೆ ಕನ್ನಡದಲ್ಲಿ ಕೊಡಲಾಗಿದೆ. -ಇ ಎಂದರೆ ಆ ಹೆಸರಿನದು ಏನಾದರೂ ಇದೆಯೇ ಎಂಬ ಪ್ರಶ್ನೆ. -ಎಫ್ ಎಂದರೆ ಅದು ಸಾಮಾನ್ಯ ಕಡತವೇ, -ಡಿ ಎಂದರೆ ಅದು ಡೈರೆಕ್ಟರಿಯೇ, ಅಂದರೆ ಕಾರ್ಯಾಲಯದ ಮಾತಿನಲ್ಲಿ ಫೋಲ್ಡರೇ ಎಂಬ ಪ್ರಶ್ನೆ. -ಎಸ್ ಎಂದರೆ ಅದರ ಗಾತ್ರ ಸೊನ್ನೆಗಿಂತ ಹೆಚ್ಚೇ ಎಂದು. -ಆರ್, -ಡಬ್ಲ್ಯೂ, -ಎಕ್ಸ್ ಎಂಬುವು ಓದುವ, ಬರೆಯುವ, ನಡೆಸುವ ಅನುಮತಿಗಳನ್ನು ಕೇಳುತ್ತವೆ. ಟೆಸ್ಟ್ ಬಾಯಿಬಿಟ್ಟು ಉತ್ತರ ಹೇಳುವುದಿಲ್ಲ. ಒಂದು ಅಂಕಿಯನ್ನು ಹಿಂದಿರುಗಿಸುತ್ತದೆ: 0 ಎಂದರೆ ಹೌದು, 1 ಎಂದರೆ ಇಲ್ಲ, 2 ಅಥವಾ ಹೆಚ್ಚು ಎಂದರೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಸೊನ್ನೆಗೆ ‘ಹೌದು’ ಎಂಬ ಅರ್ಥವಿರುವುದು ಹೊಸಬರಿಗೆ ವಿಚಿತ್ರವೆನಿಸುತ್ತದೆ. ದೋಷ ಸೊನ್ನೆ ಎಂದು ತಿಳಿದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

ಎಲ್ಲ ಕೇಡುಗಳೂ ಹುಟ್ಟುವುದು -ಇ ಒಂದರಿಂದಲೇ ತೃಪ್ತಿಪಡುವ ಸ್ಕ್ರಿಪ್ಟುಗಳಿಂದ ಎಂದರೆ ಅತಿಶಯೋಕ್ತಿಯಾದರೂ ಸತ್ಯಕ್ಕೆ ದೂರವಲ್ಲ. ಸ್ಕ್ಯಾನ್ ನಡೆಯುತ್ತಿದ್ದಾಗ ವಿದ್ಯುತ್ ಹೋಯಿತು, ಯುಪಿಎಸ್ ಬ್ಯಾಟರಿ ಹಳತಾಗಿತ್ತು ಎಂದುಕೊಳ್ಳಬಹುದು. 1998ನೇ ಸಾಲಿನ ತೆರಿಗೆ ವಹಿಯ ಹೆಸರಿನಲ್ಲಿ ಕಡತವೊಂದು ಸೃಷ್ಟಿಯಾಗಿರುತ್ತದೆ. ಒಳಗೆ ಒಂದು ಬೈಟೂ ಇರುವುದಿಲ್ಲ. -ಇ ಇದಕ್ಕೆ ಹೌದೆನ್ನುತ್ತದೆ, -ಎಫ್ ಕೂಡ ಹೌದೆನ್ನುತ್ತದೆ. ಪಟ್ಟಿಯಲ್ಲಿ ಆ ಹೆಸರು ಕಾಣುತ್ತದೆ, ಪ್ರತಿಗಳ ಎಣಿಕೆಯೂ ಸರಿಯಾಗಿಯೇ ಬರುತ್ತದೆ. -ಎಸ್ ಮಾತ್ರ ಇಲ್ಲವೆನ್ನುತ್ತದೆ. ಮೇಲುಹೊದಿಕೆಯ ಮೇಲೆ ವಿಷಯ ಬರೆದು, ಒಳಗೆ ಒಂದೂ ಹಾಳೆ ಇಲ್ಲದ ಕಡತವನ್ನು ಕಪಾಟಿನಲ್ಲಿ ಇಟ್ಟಂತೆ ಇದು. ಇಂಥದ್ದನ್ನು ತಡೆಯಲು ಅನುಭವಿಗಳು ಕಡತವನ್ನು ಮೊದಲು ತಾತ್ಕಾಲಿಕ ಹೆಸರಿನಲ್ಲಿ ಬರೆಸುತ್ತಾರೆ. ಬರಹ ಪೂರ್ತಿಯಾಗಿ, ಗಾತ್ರ ಪರೀಕ್ಷೆಯಾದ ನಂತರವೇ ಅದೇ ಡಿಸ್ಕಿನೊಳಗೆ ನಿಜ ಹೆಸರಿಗೆ ಬದಲಾಯಿಸುತ್ತಾರೆ. ಅರ್ಧ ಬರೆದ ಕಡತವೊಂದು ಪೂರ್ಣ ಕಡತದ ಹೆಸರನ್ನು ಹೊತ್ತುಕೊಂಡು ತಿರುಗಲು ಆಗ ಆಸ್ಪದವಿರುವುದಿಲ್ಲ.

ಡೈರೆಕ್ಟರಿಯ ವಿಷಯದಲ್ಲಿ -ಎಸ್ ಕೂಡ ದಾರಿ ತಪ್ಪಿಸುತ್ತದೆ. ಲಿನಕ್ಸಿನ ಸಾಮಾನ್ಯ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಖಾಲಿ ಡೈರೆಕ್ಟರಿಗೂ ಸಾಧಾರಣವಾಗಿ 4096 ಬೈಟ್ ಗಾತ್ರವಿರುತ್ತದೆ. ಆದ್ದರಿಂದ ಒಳಗೆ ಏನೂ ಇಲ್ಲದಿದ್ದರೂ -ಎಸ್ ಹೌದೆನ್ನುತ್ತದೆ. ಡೈರೆಕ್ಟರಿ ಖಾಲಿಯೇ ಎಂದು ತಿಳಿಯಬೇಕಾದರೆ ಒಳಗಿನ ಹೆಸರುಗಳನ್ನು ಎಣಿಸುವುದೇ ಮಾರ್ಗ.

ಈಗ ಈ ನಾಲ್ಕು ತಾಲ್ಲೂಕುಗಳ ಹೆಸರುಗಳನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಒಂದು ಯಂತ್ರದಲ್ಲಿ ಪಂಚಾಯತಿಗಳ ಸ್ಕ್ಯಾನ್ ಪ್ರತಿಗಳನ್ನು ತಾಲ್ಲೂಕುವಾರು ಡೈರೆಕ್ಟರಿಗಳಲ್ಲಿ ಇಡಲಾಗಿದೆ ಎಂದು ಭಾವಿಸೋಣ. ಸ್ಕ್ರಿಪ್ಟು ಒಂದೊಂದೇ ತಾಲ್ಲೂಕಿನ ಹೆಸರನ್ನು ‘ತಾಲ್ಲೂಕು’ ಎಂಬ ಚರಪದದಲ್ಲಿ ಇಟ್ಟುಕೊಂಡು, ಆ ಹೆಸರಿನ ಡೈರೆಕ್ಟರಿ ಇದೆಯೇ ಎಂದು -ಡಿ ಮೂಲಕ ಕೇಳಿ, ಇದ್ದರೆ ಪ್ರತಿ ತೆಗೆದು, ಇಲ್ಲದಿದ್ದರೆ ಮುಂದಿನದಕ್ಕೆ ಹೋಗುತ್ತದೆ:

[ -ಡಿ $ತಾಲ್ಲೂಕು ]

ಇಂಡಿಗೆ ಉತ್ತರ ಸರಿಯಾಗಿ ಬರುತ್ತದೆ. ಸಿಂದಗಿಗೂ ಬರುತ್ತದೆ, ಮುದ್ದೇಬಿಹಾಳಕ್ಕೂ ಬರುತ್ತದೆ. ಬಸವನ ಬಾಗೇವಾಡಿಗೆ ಬಂದಾಗ ಸ್ಕ್ರಿಪ್ಟು ಎಡವುತ್ತದೆ. ಬಸವಣ್ಣನವರ ಹೆಸರನ್ನು ಹೊತ್ತ ಆ ಊರಿಗೆ ಎರಡು ಪದಗಳು, ನಡುವೆ ಒಂದು ಖಾಲಿ ಜಾಗ. ಶೆಲ್ ಖಾಲಿ ಜಾಗವನ್ನು ಕಂಡಲ್ಲಿ ಪದವನ್ನು ಕತ್ತರಿಸುತ್ತದೆ. ಆದ್ದರಿಂದ ಟೆಸ್ಟ್ ಆಜ್ಞೆಯ ಕೈಗೆ ಒಂದು ಹೆಸರಿನ ಬದಲು ‘ಬಸವನ’ ಎಂಬುದೊಂದು, ‘ಬಾಗೇವಾಡಿ’ ಎಂಬುದೊಂದು, ಹೀಗೆ ಎರಡು ಬಂದು ಬೀಳುತ್ತವೆ. ಅದಕ್ಕೆ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಒಂದು ದೋಷ ಸಂದೇಶ ಹೊರಡಿಸಿ 2 ಎಂಬ ಅಂಕಿಯನ್ನು ಹಿಂದಿರುಗಿಸುತ್ತದೆ. ಇಲ್ಲಿಯೇ ನಿಜವಾದ ಅಪಾಯವಿರುವುದು. ಸ್ಕ್ರಿಪ್ಟಿನ ‘ಹೌದಾದರೆ, ಇಲ್ಲವಾದರೆ’ ಎಂಬ ವಿಂಗಡಣೆ 1 ಮತ್ತು 2ರ ನಡುವೆ ಭೇದ ಮಾಡುವುದಿಲ್ಲ. ‘ಅರ್ಥವಾಗಲಿಲ್ಲ’ ಎಂಬ ಉತ್ತರವನ್ನೂ ‘ಇಲ್ಲ’ ಎಂದೇ ಎಣಿಸಿ, ಆ ತಾಲ್ಲೂಕಿನ ಅಷ್ಟೂ ದಾಖಲೆಗಳನ್ನು ಬಿಟ್ಟು ಮುಂದೆ ಸಾಗುತ್ತದೆ. ರಾತ್ರಿ ಓಡುವ ಸ್ಕ್ರಿಪ್ಟಿನ ದೋಷ ಸಂದೇಶವನ್ನು ನೋಡುವವರು ಯಾರೂ ಇರುವುದಿಲ್ಲ. ಬೆಳಿಗ್ಗೆ ಎಂದಿನಂತೆ “ಪ್ರತಿ ಪೂರ್ಣಗೊಂಡಿದೆ” ಎಂಬ ಸಾಲು ಸಿದ್ಧವಾಗಿರುತ್ತದೆ.

ಇಲ್ಲದಿದ್ದರೆ ಹೊಸದಾಗಿ ಡೈರೆಕ್ಟರಿ ಸೃಷ್ಟಿಸು ಎಂಬ ಆಜ್ಞೆ ಸ್ಕ್ರಿಪ್ಟಿನಲ್ಲಿದ್ದರೆ ಪರಿಸ್ಥಿತಿ ಇನ್ನಷ್ಟು ವಿನೋದಕರ. ‘ಬಸವನ’ ಎಂಬ ಒಂದು ಡೈರೆಕ್ಟರಿ, ‘ಬಾಗೇವಾಡಿ’ ಎಂಬ ಇನ್ನೊಂದು ಡೈರೆಕ್ಟರಿ ಹುಟ್ಟುತ್ತವೆ. ನಕಾಶೆಯಲ್ಲಿ ಇಲ್ಲದ ಎರಡು ತಾಲ್ಲೂಕುಗಳು ಯಂತ್ರದಲ್ಲಿ ತಲೆಯೆತ್ತಿರುತ್ತವೆ.

ಪರಿಹಾರ ಅತಿ ಸಣ್ಣದು. ಚರಪದವನ್ನು ಉದ್ಧರಣ ಚಿಹ್ನೆಗಳ ಒಳಗೆ ಬರೆದರೆ ಶೆಲ್ ಅದನ್ನು ಕತ್ತರಿಸದೆ ಒಂದೇ ಹೆಸರಾಗಿ ಒಪ್ಪಿಸುತ್ತದೆ:

[ -ಡಿ "$ತಾಲ್ಲೂಕು" ]

ಈ ಚಿಹ್ನೆಗಳು ಇನ್ನೊಂದು ಅನಾಹುತವನ್ನೂ ತಪ್ಪಿಸುತ್ತವೆ. ಯಾವುದೋ ಕಾರಣಕ್ಕೆ ಚರಪದ ಖಾಲಿಯಾಗಿದ್ದು, ಉದ್ಧರಣ ಚಿಹ್ನೆಗಳೂ ಇಲ್ಲದಿದ್ದರೆ, ಟೆಸ್ಟ್ ಆಜ್ಞೆಗೆ ದೊರೆಯುವುದು -ಡಿ ಎಂಬ ಒಂದೇ ಪದ. ನಿಯಮದ ಪ್ರಕಾರ ಒಂದೇ ಪದ ದೊರೆತಾಗ, ಆ ಪದ ಖಾಲಿಯಲ್ಲದಿದ್ದರೆ ಉತ್ತರ ‘ಹೌದು’. ಅಂದರೆ ಹೆಸರೇ ಇಲ್ಲದ ಡೈರೆಕ್ಟರಿ ಇದೆಯೆಂದು ಯಂತ್ರ ಪ್ರಮಾಣ ಮಾಡಿ ಹೇಳುತ್ತದೆ. ಅರ್ಜಿದಾರರ ಹೆಸರೇ ಇಲ್ಲದ ಅರ್ಜಿಗೆ ಮಂಜೂರಾತಿ ಕೊಟ್ಟಂತೆ. ಹೂವಿನ ಹಿಪ್ಪರಗಿ, ದೇವರ ಹಿಪ್ಪರಗಿಯಂಥ ಎರಡು ಪದಗಳ ಊರುಗಳು ಈ ಜಿಲ್ಲೆಯಲ್ಲಿ ಇರುವುದರಿಂದ, ಬೇರೆ ಊರಿನಲ್ಲಿ ಬರೆದು ಪರೀಕ್ಷಿಸಿದ ಸ್ಕ್ರಿಪ್ಟನ್ನು ಇಲ್ಲಿ ಹಾಗೆಯೇ ಬಳಸುವ ಮೊದಲು ಅಂಥ ಒಂದು ಹೆಸರನ್ನು ಕೊಟ್ಟು ನೋಡಬೇಕು.

ಮುದ್ದೇಬಿಹಾಳದ ಹೆಸರಿನಲ್ಲಿ ಖಾಲಿ ಜಾಗವಿಲ್ಲ. ಆದರೆ ಒಂದು ‘ದೇ’ ಇದೆ. ಯೂನಿಕೋಡ್ ಸಂಕೇತದಲ್ಲಿ ಏತ್ವದ ದೀರ್ಘವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವದ ಚಿಹ್ನೆ ಮತ್ತು ದೀರ್ಘದ ಚಿಹ್ನೆ ಎಂದು ಎರಡು ಸಂಕೇತಗಳಾಗಿಯೂ ಬರೆಯಬಹುದು. ತೆರೆಯ ಮೇಲೆ ಎರಡೂ ಒಂದೇ ಬಗೆಯಾಗಿ ಕಾಣುತ್ತವೆ. ಲಿನಕ್ಸ್ ಕಡತ ವ್ಯವಸ್ಥೆ ಸಾಮಾನ್ಯವಾಗಿ ಹೆಸರನ್ನು ಅಕ್ಷರವಾಗಿ ನೋಡುವುದಿಲ್ಲ, ಬೈಟುಗಳ ಸಾಲಾಗಿ ನೋಡುತ್ತದೆ. ಒಂದು ತಂತ್ರಾಂಶ ಒಂದು ಬಗೆಯಲ್ಲಿ, ಇನ್ನೊಂದು ಇನ್ನೊಂದು ಬಗೆಯಲ್ಲಿ ಬರೆದಿದ್ದರೆ, ಕಣ್ಣೆದುರಿಗೆ ಮುದ್ದೇಬಿಹಾಳ ಎಂಬ ಡೈರೆಕ್ಟರಿ ಇದ್ದರೂ -ಡಿ ಇಲ್ಲವೆನ್ನುತ್ತದೆ. ಅಥವಾ ಒಂದೇ ಹೆಸರಿನ ಎರಡು ಡೈರೆಕ್ಟರಿಗಳು ಅಕ್ಕಪಕ್ಕದಲ್ಲಿ ಕಾಣುತ್ತವೆ. ಕನ್ನಡ ಹೆಸರುಗಳಿಗೆ ಇನ್ನೊಂದು ಮಿತಿಯೂ ಇದೆ. ಕಡತದ ಹೆಸರು 255 ಬೈಟ್ ಮೀರುವಂತಿಲ್ಲ. ಯೂನಿಕೋಡಿನ ಯುಟಿಎಫ್-8 ರೂಪದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್ ಬೇಕು. “ಗ್ರಾಮದ ಪರಿಶಿಷ್ಟ ಜಾತಿ ಕಾಲೋನಿಯಲ್ಲಿ ಸಿಸಿ ರಸ್ತೆ ಮತ್ತು ಚರಂಡಿ ನಿರ್ಮಾಣ ಕಾಮಗಾರಿ” ಎಂಬ ಹೆಸರೊಂದೇ 195 ಬೈಟ್ ತೆಗೆದುಕೊಳ್ಳುತ್ತದೆ. ಅದರ ಮುಂದೆ ಊರು, ಯೋಜನೆ, ವರ್ಷ ಸೇರಿಸಿದರೆ ಕಡತ ಸೃಷ್ಟಿಯಾಗುವುದೇ ಇಲ್ಲ. ಕಾಮಗಾರಿ ಸಂಖ್ಯೆಯನ್ನು ಹೆಸರಾಗಿಟ್ಟು, ಪೂರ್ಣ ಶೀರ್ಷಿಕೆಯನ್ನು ಸೂಚಿಯಲ್ಲಿ ಬರೆಯುವುದು ಲೇಸು. ಕನ್ನಡ ಹೆಸರು ಬೇಡವೆಂಬುದು ಇದರ ಅರ್ಥವಲ್ಲ. ಕನ್ನಡ ಹೆಸರು ಇರುವ ಕಡೆ ಸ್ಕ್ರಿಪ್ಟನ್ನು ಕನ್ನಡ ಹೆಸರಿನಿಂದಲೇ ಪರೀಕ್ಷಿಸಬೇಕೆಂಬುದಷ್ಟೇ.

ತಾಲ್ಲೂಕುಗಳ ಪುನರ್‌ವಿಂಗಡಣೆಯಿಂದಲೂ ಒಂದು ತೊಡಕು ಬಂದಿದೆ. ಇಂಡಿಯಿಂದ ಚಡಚಣ, ಸಿಂದಗಿಯಿಂದ ದೇವರ ಹಿಪ್ಪರಗಿ ಮತ್ತು ಆಲಮೇಲ, ಮುದ್ದೇಬಿಹಾಳದಿಂದ ತಾಳಿಕೋಟೆ, ಬಸವನ ಬಾಗೇವಾಡಿಯಿಂದ ನಿಡಗುಂದಿ ಮತ್ತು ಕೊಲ್ಹಾರ ಬೇರೆಯಾದವು. ಹಳೆಯ ಡೈರೆಕ್ಟರಿಯಲ್ಲಿದ್ದ ಪಂಚಾಯತಿಯ ದಾಖಲೆಗಳನ್ನು ಹೊಸ ತಾಲ್ಲೂಕಿನ ಡೈರೆಕ್ಟರಿಗೆ ಸಾಗಿಸಿ, ಹಳೆಯ ಜಾಗದಲ್ಲಿ ಒಂದು ಸಾಂಕೇತಿಕ ಕೊಂಡಿಯನ್ನು, ಅಂದರೆ ‘ಇಲ್ಲಿಲ್ಲ, ಅಲ್ಲಿದೆ’ ಎಂಬ ಕೈಮರವನ್ನು ನಿಲ್ಲಿಸುವುದು ವಾಡಿಕೆ. ಮುಂದೊಂದು ದಿನ ಯಾರೋ ಹೊಸ ಡೈರೆಕ್ಟರಿಯ ಹೆಸರನ್ನು ಬದಲಿಸಿದರೆ ಕೈಮರ ಉಳಿಯುತ್ತದೆ, ಅದು ತೋರಿಸುವ ಊರು ಇರುವುದಿಲ್ಲ. ಟೆಸ್ಟ್ ಆಜ್ಞೆ ಕೈಮರವನ್ನು ನೋಡದೆ ಅದು ತೋರಿಸುವ ಕಡೆಗೇ ಹೋಗಿ ನೋಡುವುದರಿಂದ -ಇ ‘ಇಲ್ಲ’ ಎನ್ನುತ್ತದೆ. ಕೈಮರ ಇದೆಯೇ ಎಂದು ಪ್ರತ್ಯೇಕವಾಗಿ ಕೇಳಲು -ಎಲ್ ಎಂಬ ದೊಡ್ಡಕ್ಷರವಿದೆ. -ಎಲ್ ಹೌದೆಂದು, -ಇ ಇಲ್ಲವೆಂದರೆ ಕೊಂಡಿ ಮುರಿದಿದೆ ಎಂದರ್ಥ. ದಾಖಲೆ ನಾಶವಾಗಿದೆ ಎಂದು ಅರ್ಜಿದಾರರಿಗೆ ಬರೆಯುವ ಮೊದಲು ಇದನ್ನೊಮ್ಮೆ ನೋಡಿಸಬೇಕು.

2020ರ ಅಕ್ಟೋಬರ್ ತಿಂಗಳಲ್ಲಿ ಭೀಮಾ ನದಿ ಉಕ್ಕಿ ಇಂಡಿ, ಸಿಂದಗಿ ಭಾಗದ ನದೀತೀರದ ಗ್ರಾಮಗಳಿಗೆ ನೀರು ನುಗ್ಗಿದ್ದನ್ನು ಸದಸ್ಯರು ಮರೆತಿರಲಾರರು. ಕಂಪ್ಯೂಟರಿನೊಳಗಿನ ದಾಖಲೆಗೆ ಅದೇ ಕಂಪ್ಯೂಟರಿನಲ್ಲಿ ಇನ್ನೊಂದು ಪ್ರತಿ ಇಟ್ಟರೆ ನೀರು ಎರಡನ್ನೂ ಒಟ್ಟಿಗೇ ತೆಗೆದುಕೊಂಡು ಹೋಗುತ್ತದೆ. ಆದ್ದರಿಂದ ಹೊರಗಿನ ಡಿಸ್ಕಿಗೆ ಪ್ರತಿ ತೆಗೆಯಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಲಿನಕ್ಸಿನಲ್ಲಿ ಹೊರ ಡಿಸ್ಕು ಒಂದು ಡೈರೆಕ್ಟರಿಯ ಹೆಸರಿನಲ್ಲಿ ಬಂದು ಕೂರುತ್ತದೆ. ಸಿಬ್ಬಂದಿಯೇ ಕೈಯಿಂದ ಮಾಡಿಟ್ಟ ಡೈರೆಕ್ಟರಿಯಾಗಿದ್ದರೆ, ಡಿಸ್ಕನ್ನು ಕಿತ್ತ ಮೇಲೂ ಅದು ಉಳಿಯುತ್ತದೆ. ಎತ್ತು ಇಲ್ಲದಿದ್ದರೂ ಗೂಟ ಅಲ್ಲೇ ಇರುತ್ತದಲ್ಲವೇ, ಹಾಗೆ. ಸ್ಕ್ರಿಪ್ಟು -ಡಿ ಎಂದು ಕೇಳಿದರೆ ಹೌದೆಂಬ ಉತ್ತರ ಬರುತ್ತದೆ, ಪ್ರತಿ ತೆಗೆಯುವ ಕೆಲಸವೂ ಸುಗಮವಾಗಿ ನಡೆಯುತ್ತದೆ. ಆದರೆ ಆ ಪ್ರತಿಗಳೆಲ್ಲ ಒಳ ಡಿಸ್ಕಿನಲ್ಲೇ ಸೇರುತ್ತಿರುತ್ತವೆ. ಹೊರ ಡಿಸ್ಕು ಮೇಜಿನ ಖಾನೆಯಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ. ಒಳ ಡಿಸ್ಕು ತುಂಬಿ ಯಂತ್ರ ನಿಂತಾಗ ಸಂಗತಿ ಬಯಲಾಗುತ್ತದೆ. ಡಿಸ್ಕು ನಿಜವಾಗಿ ಸೇರಿದೆಯೇ ಎಂದು ಕೇಳಲು ‘ಮೌಂಟ್‌ಪಾಯಿಂಟ್’ ಎಂಬ ಬೇರೆ ಆಜ್ಞೆಯಿದೆ. ಅದು ಹೌದೆನ್ನದ ಹೊರತು ಸ್ಕ್ರಿಪ್ಟು ಒಂದು ಕಡತವನ್ನೂ ಮುಟ್ಟಬಾರದು.

ಅನುಮತಿಗಳ ವಿಷಯದಲ್ಲಿ ಎರಡು ತಪ್ಪು ತಿಳಿವಳಿಕೆಗಳು ಸಾಮಾನ್ಯ. ನಡವಳಿಯ ಸ್ಕ್ಯಾನ್ ಕಡತವನ್ನು ‘ಓದಲು ಮಾತ್ರ’ ಎಂದು ಗುರುತು ಮಾಡಿದರೆ ಅದನ್ನು ಯಾರೂ ಅಳಿಸಲಾರರು ಎಂಬುದು ಒಂದು. ಕಡತದ ಮೇಲಿನ ಅನುಮತಿ ಅದರೊಳಗಿನ ಬರಹಕ್ಕೆ ಸಂಬಂಧಿಸಿದ್ದು. ಹೆಸರನ್ನು ಅಳಿಸುವುದು ಡೈರೆಕ್ಟರಿಯಲ್ಲಿ ಮಾಡುವ ಬದಲಾವಣೆ. ಅದಕ್ಕೆ ಡೈರೆಕ್ಟರಿಯ ಮೇಲಿನ ಅನುಮತಿ ಸಾಕು. ಪುಸ್ತಕಕ್ಕೆ ಮೊಹರು ಹಾಕಿ ಕಪಾಟನ್ನು ತೆರೆದಿಟ್ಟರೆ ಪುಟ ತಿದ್ದಲು ಬಾರದಿದ್ದರೂ ಪುಸ್ತಕವನ್ನೇ ಹೊತ್ತುಕೊಂಡು ಹೋಗಬಹುದು. ಎರಡನೆಯದು, ಸ್ಕ್ರಿಪ್ಟನ್ನು ಯಂತ್ರದ ಸರ್ವಾಧಿಕಾರಿ ಬಳಕೆದಾರನ, ಅಂದರೆ ‘ರೂಟ್’ ಹೆಸರಿನಲ್ಲಿ ಓಡಿಸಿದರೆ ತೊಂದರೆ ಕಡಿಮೆ ಎಂಬ ಭಾವನೆ. ರೂಟಿಗೆ ಕಡತದ ಅನುಮತಿಗಳ ಅಡ್ಡಿಯಿಲ್ಲ. ಓದಲು ಮಾತ್ರ ಎಂದು ಗುರುತು ಮಾಡಿದ ಕಡತಕ್ಕೂ -ಡಬ್ಲ್ಯೂ ಅವನಿಗೆ ಹೌದೆನ್ನುತ್ತದೆ. ಆಗ ಪರೀಕ್ಷೆ ಮಾಡಿಯೂ ಮಾಡದಂತೆಯೇ.

ಇಷ್ಟು ಹೊತ್ತು ಹೇಳಿದ್ದು ಪ್ರತಿ ತಪ್ಪಿಹೋಗುವ ಬಗ್ಗೆ. ಅಳಿಸುವ ಸ್ಕ್ರಿಪ್ಟುಗಳ ಮಾತು ಬೇರೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರಿನಲ್ಲಿ 2021ರ ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟೆರಾಬೈಟ್ ದತ್ತಾಂಶ, ಅಂದರೆ ಸುಮಾರು 3.4 ಕೋಟಿ ಕಡತಗಳು ಅಳಿಸಿಹೋದವು. ಪ್ರತಿ ತೆಗೆಯುವ ಸ್ಕ್ರಿಪ್ಟಿನಲ್ಲಿ ಹತ್ತು ದಿನಕ್ಕಿಂತ ಹಳೆಯ ದಿನಚರಿ ಕಡತಗಳನ್ನು ತೆಗೆದುಹಾಕುವ ಒಂದು ಭಾಗವಿತ್ತು. ಸ್ಕ್ರಿಪ್ಟು ಓಡುತ್ತಿದ್ದಾಗಲೇ ಅದರ ಹೊಸ ಆವೃತ್ತಿಯನ್ನು ಅದೇ ಕಡತದ ಮೇಲೆ ಬರೆಯಲಾಯಿತು. ಬ್ಯಾಶ್ ಸ್ಕ್ರಿಪ್ಟನ್ನು ಒಮ್ಮೆಗೇ ಪೂರ್ತಿ ಓದಿಕೊಳ್ಳದೆ ನಡೆಸುತ್ತ ನಡೆಸುತ್ತ ಓದುತ್ತದೆ. ಹೀಗಾಗಿ ಅದು ಹೊಸ ಆವೃತ್ತಿಯ ನಡುವಿನಿಂದ ಓದತೊಡಗಿತು. ಯಾವ ಡೈರೆಕ್ಟರಿಯಲ್ಲಿ ಅಳಿಸಬೇಕೆಂಬ ಚರಪದಕ್ಕೆ ಬೆಲೆಯೇ ಸಿಗಲಿಲ್ಲ. ದಿನಚರಿಯ ಬದಲು ಸಂಶೋಧಕರ ಕಡತಗಳು ಅಳಿಯತೊಡಗಿದವು. 14 ಸಂಶೋಧನಾ ಗುಂಪುಗಳಿಗೆ ಇದರ ಪೆಟ್ಟು ತಗುಲಿತು, 4 ಗುಂಪುಗಳ ದತ್ತಾಂಶ ಮರಳಿ ಬರಲೇ ಇಲ್ಲ. ಸೂಪರ್ ಕಂಪ್ಯೂಟರನ್ನು ನಡೆಸುವ ನುರಿತ ತಂತ್ರಜ್ಞರ ಕೈಯಲ್ಲಿ ಆದ ಘಟನೆಯಿದು. ಅಳಿಸುವ ಆಜ್ಞೆಗೆ ಮುನ್ನ ಆ ಚರಪದ ಖಾಲಿಯಲ್ಲವೇ, ಅದು ಹೇಳುವ ಡೈರೆಕ್ಟರಿ ನಿರೀಕ್ಷಿಸಿದ ಡೈರೆಕ್ಟರಿಯೇ ಎಂಬ ಎರಡು ಪ್ರಶ್ನೆಗಳಿದ್ದಿದ್ದರೆ ಕೆಲಸ ಅಲ್ಲಿಯೇ ನಿಲ್ಲುತ್ತಿತ್ತು.

ಇದರ ಚಿಕ್ಕ ರೂಪ ಪಂಚಾಯತಿಯಲ್ಲಿಯೂ ಸಂಭವಿಸಬಹುದು. ‘ಈ ಡೈರೆಕ್ಟರಿಗೆ ಹೋಗು’ ಎಂದು ಒಂದು ಸಾಲು, ‘ಇಲ್ಲಿರುವುದನ್ನೆಲ್ಲ ಅಳಿಸು’ ಎಂದು ಮುಂದಿನ ಸಾಲು. ಹೋಗಬೇಕಾದ ಡೈರೆಕ್ಟರಿ ಇಲ್ಲದಿದ್ದರೆ ಮೊದಲ ಆಜ್ಞೆ ಸೋಲುತ್ತದೆ. ಆದರೆ ಸ್ಕ್ರಿಪ್ಟು ನಿಲ್ಲದೆ ಎರಡನೆಯದಕ್ಕೆ ಹೋಗುತ್ತದೆ, ಇದ್ದಲ್ಲಿಯೇ ಎಲ್ಲವನ್ನೂ ಅಳಿಸುತ್ತದೆ. ಹೋಗಲಾಗದಿದ್ದರೆ ಅಲ್ಲಿಯೇ ನಿಲ್ಲು ಎಂಬ ಮಾತನ್ನು ಮೊದಲ ಸಾಲಿಗೇ ಸೇರಿಸಬೇಕು. ಪಂಚಾಯತಿಯ ದಾಖಲೆ ಇರುವ ಯಂತ್ರದಲ್ಲಿ ತಾನಾಗಿ ಅಳಿಸುವ ಸ್ಕ್ರಿಪ್ಟು ಇರಲೇಬಾರದೆಂದು ಹೇಳುವುದೇ ಇನ್ನೂ ಮೇಲು. ಡಿಸ್ಕಿನ ಬೆಲೆ ಇಂದು ಅಷ್ಟೇನೂ ದುಬಾರಿಯಲ್ಲ.

ಇದೆಲ್ಲ ದಾಟಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ: ಪ್ರತಿಯು ಮೂಲದ ನಿಜವಾದ ಪ್ರತಿಯೇ? ಟೆಸ್ಟ್ ಆಜ್ಞೆ ಇದಕ್ಕೆ ಉತ್ತರಿಸಲಾರದು. -ಎನ್‌ಟಿ ಎಂಬುದರಿಂದ ಎರಡು ಕಡತಗಳಲ್ಲಿ ಯಾವುದು ಹೊಸದೆಂದು ಬ್ಯಾಶ್‌ನಲ್ಲಿ ಕೇಳಬಹುದು. ಒಳಗಿನ ಬರಹ ಒಂದೇ ಎಂದು ಅದು ಹೇಳುವುದಿಲ್ಲ. ವಿಜಯಪುರದಲ್ಲಿ ನೆಲೆಸಿ ವಚನಗಳ ತಾಳೆಗರಿಗಳನ್ನು ಊರೂರು ಅಲೆದು ಸಂಗ್ರಹಿಸಿದ ಡಾ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು. ಹಸ್ತಪ್ರತಿಗಳೊಡನೆ ದುಡಿಯುವವರಿಗೆ ಗೊತ್ತಿರುವಂತೆ, ಓಲೆಯ ಕಟ್ಟು ಕೈಸೇರಿದ ಮಾತ್ರಕ್ಕೆ ಪಾಠ ಸಿಕ್ಕಿತೆಂದು ಆಗುವುದಿಲ್ಲ. ಒಂದನ್ನೊಂದು ಪಕ್ಕದಲ್ಲಿಟ್ಟು ಹೋಲಿಸಬೇಕು. ಕಂಪ್ಯೂಟರಿನಲ್ಲಿ ಈ ಹೋಲಿಕೆಯ ಕೆಲಸವನ್ನು ‘ಶಾ256ಸಮ್’ ಎಂಬ ಆಜ್ಞೆ ಮಾಡುತ್ತದೆ. ಅದು ಕಡತದ ಎಲ್ಲ ಬೈಟುಗಳಿಂದ 64 ಅಂಕಿ-ಅಕ್ಷರಗಳ ಒಂದು ಗುರುತನ್ನು ತೆಗೆಯುತ್ತದೆ. ಮೂಲದ ಗುರುತೂ ಪ್ರತಿಯ ಗುರುತೂ ಒಂದೇ ಆಗಿದ್ದರೆ ಬರಹವೂ ಒಂದೇ ಎಂದು ನಂಬಬಹುದು. ಒಂದೇ ಒಂದು ಬೈಟು ಕೆಟ್ಟಿದ್ದರೂ ಗುರುತು ಪೂರ್ತಿ ಬೇರೆಯಾಗುತ್ತದೆ.

ಬೈಟು ಸರಿಯಿದ್ದು ಓದಲು ಬಾರದ ಕಡತಗಳೂ ಇವೆ. ಯೂನಿಕೋಡಿಗೆ ಮುಂಚಿನ ಕನ್ನಡ ಅಕ್ಷರಶೈಲಿಗಳಲ್ಲಿ ಟೈಪ್ ಮಾಡಿದ ಠರಾವುಗಳು, ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರ 7ನೇ ಪ್ರಕರಣದಂತೆ ಕಾಯ್ದಿಡಬೇಕಾದ ವಿದ್ಯುನ್ಮಾನ ದಾಖಲೆ ಮುಂದೆಯೂ ನೋಡಿ ಬಳಸಲು ಬರುವಂತೆ ಇರಬೇಕು. ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ರಾಷ್ಟ್ರಕೂಟ ದೊರೆ ಮುಮ್ಮಡಿ ಕೃಷ್ಣನ ಕಾಲದ, ಕ್ರಿ.ಶ. 945ರ ಕಂಬದ ಶಾಸನವು ಅಲ್ಲಿಯ ವಿದ್ಯಾಶಾಲೆಗೆ ಬಿಟ್ಟ ದತ್ತಿಗಳನ್ನು ದಾಖಲಿಸಿದೆ. ಸಾವಿರ ವರ್ಷ ಕಳೆದರೂ ಅದನ್ನು ಓದಲು ಲಿಪಿ ಬಲ್ಲವರೊಬ್ಬರು ಸಾಕು. ಇಪ್ಪತ್ತು ವರ್ಷ ಹಳೆಯ ಠರಾವಿನ ಕಡತವನ್ನು ಓದಲು ಇಂದು ಅಕ್ಷರಶೈಲಿಯನ್ನು ಹುಡುಕಬೇಕಾಗಿದೆ. ಅಂಥ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಪರಿವರ್ತನೆಯನ್ನು ಕಣ್ಣಿನಿಂದ ಓದಿ ಸರಿಪಡಿಸುವವರೆಗೂ ಮೂಲ ಕಾಗದದ ರುಮಾಲನ್ನು ಕಟ್ಟಿಯೇ ಇಡಬೇಕು.

ಸಭೆಯಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಗಳನ್ನೂ ಡಾಟಾ ಎಂಟ್ರಿ ಆಪರೇಟರ್ ಅವರನ್ನೂ ಗೌರವದಿಂದ ಕೇಳಬಹುದಾದ ಪ್ರಶ್ನೆಗಳು ಈಗ ತಾವಾಗಿಯೇ ಹೊಳೆಯುತ್ತವೆ. ಸ್ಕ್ರಿಪ್ಟು ಎಷ್ಟು ಕಡತಗಳನ್ನು ಕಂಡಿತು, ಎಷ್ಟನ್ನು ಪ್ರತಿ ಮಾಡಿತು, ಎಷ್ಟನ್ನು ಬಿಟ್ಟಿತು, ಏಕೆ ಬಿಟ್ಟಿತು? ಸೊನ್ನೆ ಗಾತ್ರದ ಕಡತಗಳೆಷ್ಟು? ದೋಷ ಸಂದೇಶಗಳು ಎಲ್ಲಿಗೆ ಹೋಗುತ್ತವೆ, ಅವನ್ನು ಯಾರು ಓದುತ್ತಾರೆ? ಹೊರ ಡಿಸ್ಕು ಇಲ್ಲದ ರಾತ್ರಿ ಸ್ಕ್ರಿಪ್ಟು ಏನು ಮಾಡುತ್ತದೆ? ಈ ಕೊನೆಯ ಪ್ರಶ್ನೆಗೆ ಬಾಯಿಮಾತಿನ ಉತ್ತರ ಬೇಡ. ಡಿಸ್ಕನ್ನು ಕಿತ್ತು ಒಮ್ಮೆ ಓಡಿಸಿ ತೋರಿಸಿದರೆ ಐದು ನಿಮಿಷದಲ್ಲಿ ತಿಳಿಯುತ್ತದೆ. ಸಿಬ್ಬಂದಿಯ ಮೇಲೆ ಅನುಮಾನವಿರುವಂತೆ ಕೇಳುವ ಅಗತ್ಯವಿಲ್ಲ. ಸ್ಕ್ರಿಪ್ಟು ಬರೆದವರು ಬಹುಶಃ ಎಲ್ಲೋ ದೂರದಲ್ಲಿದ್ದಾರೆ, ಅವರಿಗೆ ಬಸವನ ಬಾಗೇವಾಡಿಗೆ ಎರಡು ಪದವೆಂದು ತಿಳಿದಿರಲಾರದು.

ಇದರ ಜೊತೆಗೆ ಮೂರು ತಿಂಗಳಿಗೊಮ್ಮೆ ಮರುಪಡೆಯುವ ಪರೀಕ್ಷೆಯನ್ನು ನಡೆಸಲು ಪಂಚಾಯತಿ ಠರಾವು ಮಾಡಿಕೊಳ್ಳಬಹುದು. ಹಳೆಯ ತೆರಿಗೆ ವಹಿಯ ಸೂಚಿಯಿಂದ ಚೀಟಿ ಎತ್ತಿ ಐದು ಆಸ್ತಿ ಸಂಖ್ಯೆಗಳನ್ನು ಆರಿಸಿ, ಆ ಪುಟಗಳನ್ನು ಹೊರ ಡಿಸ್ಕಿನಿಂದಲೇ, ಸಾಧ್ಯವಾದರೆ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಕಾಗದದ ವಹಿಯೊಡನೆ ಹೋಲಿಸಬೇಕು. ಎಷ್ಟು ಪುಟ ತೆರೆದವು, ಎಷ್ಟು ತೆರೆಯಲಿಲ್ಲ, ಪರೀಕ್ಷೆಯ ದಿನಾಂಕ, ಹಾಜರಿದ್ದ ಸದಸ್ಯರ ಸಹಿ, ಡಿಸ್ಕು ಯಾರ ವಶದಲ್ಲಿ ಯಾವ ಕಟ್ಟಡದಲ್ಲಿದೆ ಎಂಬ ವಿವರ ನಡವಳಿಯಲ್ಲಿ ಬರಬೇಕು. ಭೀಮಾ ಮತ್ತು ಕೃಷ್ಣಾ ತೀರದ ಪಂಚಾಯತಿಗಳು ಆ ಕಟ್ಟಡ ನದಿಯ ಮಟ್ಟಕ್ಕಿಂತ ಎತ್ತರದ ಊರಿನಲ್ಲಿ ಇರುವಂತೆ ನೋಡಿಕೊಂಡು, ಮಳೆಗಾಲ ಆರಂಭವಾಗುವ ಮೊದಲೇ ಈ ವರ್ಷದ ಮೊದಲ ಪರೀಕ್ಷೆಯನ್ನು ಮುಗಿಸುವುದು ಸೂಕ್ತ.